ಹೊನ್ನಾಳಿಯಲ್ಲಿ ಸಿಕ್ಕ ನೀಹಾರಿಕೆ

ಹೆಂಡತಿಯ ಮಾತಿಗೆ ಕಿವಿಗೊಡದ ಗಂಡ ಕೆಡುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. (ಹೆಂಡತಿ ಹೇಳಿದ್ದಳು. ಕಿವಿಗೊಟ್ಟಿರಲಿಲ್ಲ.)

ಅದು ಮೂವತ್ತೆಂಟನೆಯ ಇಸವಿ. ಹೊನ್ನಾಳಿಯಲ್ಲಿ ಮೇಷ್ಟ್ರಾಗಿದ್ದ ನಾನು ರಜೆ ಹಾಕಿ ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನೀಹಾರಿಕೆಗಳು, ಅಂದರೆ ಕೋಟ್ಯಂತರ ನಕ್ಷತ್ರಗಳ ಒಂದೊಂದು ಸಂಸಾರ, ಹುಟ್ಟಿ ಬೆಳೆಯುವ ಬಗೆಯೇ ನನ್ನ ವಿಷಯ. ಬೇಸಿಗೆಗೆ ಊರಿಗೆ ಹೊರಟಾಗ ಪ್ರೊಫೆಸರರು ಆಕಾಶದ ಛಾಯಾಚಿತ್ರವಿದ್ದ ಗಾಜಿನ ಫಲಕವೊಂದನ್ನು ಕೊಟ್ಟರು. ನೆಗೆಟಿವ್ ಆದ್ದರಿಂದ ಅದರಲ್ಲಿ ನೀಹಾರಿಕೆಗಳೆಲ್ಲ ಕಪ್ಪು ಚುಕ್ಕೆಗಳು. ಭೂತಗನ್ನಡಿಯಲ್ಲಿ ನೋಡಿ ಉಂಡೆ, ಚಪ್ಪಟೆ, ಸುರುಳಿ ಎಂದು ವಿಂಗಡಿಸಬೇಕು. ಉಂಡೆಯೇ ಕಾಲಕ್ರಮೇಣ ಚಪ್ಪಟೆಯಾಗಿ, ಸುರುಳಿಯಾಗುತ್ತದೆಯೋ ಎಂಬುದೇ ಪ್ರಶ್ನೆ.

"ನಾ ದಿನಾ ಮಾಡಾದೂ ಅದೇ ಅಲ್ವೇನ್ರಿ?" ಎಂದಳು ನನ್ನ ಹೆಂಡತಿ ನಿರ್ಮಲ, ಹಿಟ್ಟು ನಾದುತ್ತ. "ಉಂಡೆ ಕಟ್ಟಿ ತಟ್ತೀನಿ. ನೀವು ಉಣ್ಣಾಕೆ ಬರಾದು ತಡ ಆದ್ರೆ ರೊಟ್ಟಿ ತಾನೇ ಸುರುಳಿ ಆಕೈತೆ."

ಇಂಥ ಅಜ್ಞಾನದಿಂದ ವಿಜ್ಞಾನವನ್ನು ಕಾಪಾಡಲು ಜೋಳದ ಚೀಲಗಳ ಕೋಣೆಯನ್ನು ಸಂಶೋಧನಾಲಯವೆಂದು ಘೋಷಿಸಿ, ಹೆಂಡತಿ, ಮಗು, ಯಾರೂ ಕಾಲಿಡಕೂಡದೆಂದು ಅಪ್ಪಣೆ ಹೊರಡಿಸಿದೆ.

ಹನ್ನೆರಡನೆಯ ದಿನ, ಫಲಕದ ಮೂಲೆಯಲ್ಲಿ ಒಂದು ಅದ್ಭುತ ಕಂಡಿತು! ಸುತ್ತಿನೊಳಗೆ ಸುತ್ತು, ಎಂಥ ಸುರುಳಿ! ಪ್ರೊಫೆಸರರು ಕೊಟ್ಟ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನಿರ್ಮಲಳನ್ನು ಕೂಗಿ ಕರೆದು ಭೂತಗನ್ನಡಿ ಕೊಟ್ಟೆ.

ಬಹಳ ಹೊತ್ತು ನೋಡಿ, "ಕಾಡಿಗೆ ಇದ್ದಂಗೈತಲ್ರೀ" ಎಂದಳು.

"ಹುಚ್ಚಿ! ಅಲ್ಲಿಂದ ಬೆಳಕು ಬರಾಕೆ ಲಕ್ಷಗಟ್ಟಲೆ ವರ್ಷ ಬೇಕು."

"ಹಂಗಾರೆ ಹಳೇ ಕಾಡಿಗೆ ಇರಬೇಕು."

ನಾನು ನಕ್ಕು, ಅದರ ಚಿತ್ರವನ್ನು ಗೆರೆ ಬಿಡದೆ ಬರೆದು ಪ್ರೊಫೆಸರರಿಗೆ ಅಂಚೆಗೆ ಹಾಕಿದೆ. ನೀಹಾರಿಕೆಗೆ ನನ್ನ ಹೆಸರಿಟ್ಟರೆ ಅಭ್ಯಂತರವಿಲ್ಲವೆಂದೂ ವಿನಯದಿಂದ ಸೂಚಿಸಿದೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. (ಹಬ್ಬಿಸಿದವನು ನಾನೇ.) ಹೆಡ್ ಮಾಸ್ತರ್ ಶಿವಮೂರ್ತಪ್ಪನವರು ಸನ್ಮಾನಕ್ಕೆ ಹಾರ ಹೇಳಿದರು.

ಉತ್ತರ ಬಂದ ದಿನ ಜಗಲಿಯ ಮೇಲೆ ಹೆಡ್ ಮಾಸ್ತರರೂ ನೆರೆಯವರೂ ಕೂತಿದ್ದರು. "ಜೋರಾಗಿ ಓದ್ರಿ ಮೇಷ್ಟ್ರೇ, ನಾವೂ ಕೇಳಾನ" ಎಂದರು. ಗಂಟಲು ಸರಿಮಾಡಿಕೊಂಡು ಓದತೊಡಗಿದೆ:

"ನಿಮ್ಮ ಚಿತ್ರ ತಲುಪಿತು. ಸುರುಳಿ ಬಹಳ ಸೊಗಸಾಗಿದೆ. ಮೊಮ್ಮಕ್ಕಳಿರುವುದರಿಂದ ನನ್ನ ಪುಸ್ತಕಗಳ ಮೇಲೂ ಇಂಥ ಪುಟ್ಟ ಬೆರಳಚ್ಚುಗಳು ಹೇರಳವಾಗಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಲಸ ಮುಂದುವರಿಸಿ. ಮಗುವಿಗೆ ಆಶೀರ್ವಾದ..."

ಹೆಡ್ ಮಾಸ್ತರರ ಹೊಟ್ಟೆ ಕುಲುಕತೊಡಗಿತು. ನಾನು ಒಳಗೆ ನುಗ್ಗಿ ಗುಡುಗಿದೆ:

"ಯಾರು ಮಗೂನ ಆ ಕೋಣೆಗೆ ಬಿಟ್ಟೋರು?"

ನಿರ್ಮಲ ನನ್ನನ್ನೇ ನೋಡಿದಳು. ಅವಳ ಕಂಕುಳಲ್ಲಿ ನಮ್ಮ ಹತ್ತು ತಿಂಗಳ ಮಗಳು ಬಂಗಾರಿ, ಕೆನ್ನೆಯ ತುಂಬ ಕಾಡಿಗೆ. ನನ್ನನ್ನು ಕಂಡದ್ದೇ ಕೈ ಚಾಚಿ ಜಿಗಿದಳು. ದಿನಾ ಮಧ್ಯಾಹ್ನ, ತಾಯಿ ಬಟ್ಟೆ ಒಗೆಯಲು ಹೊಳೆಗೆ ಹೋದಾಗ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬ್ರಹ್ಮಾಂಡ ತೋರಿಸುತ್ತಿದ್ದವನು ನಾನೇ ಎಂದು ಒಪ್ಪಿಕೊಳ್ಳಬೇಕಾಯಿತು.

"ಒಂದು ಒದ್ದೆ ಬಟ್ಟೆ ಕೊಡು" ಎಂದೆ, ಸಣ್ಣ ದನಿಯಲ್ಲಿ.

"ಇರಲಿ ಬಿಡ್ರೀ" ಎಂದಳು ನಿರ್ಮಲ. "ನೀವು ಕಂಡುಹಿಡಿದಿದ್ದು ಅದೊಂದೇ ಐತೆ."