ಉಗ್ರಾಣವನ್ನು ವಿದೇಶವೆಂದು ಘೋಷಿಸಿದ್ದು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಗುರುವಾರ, ಏಳನೇ ತರಗತಿಯ ಗಣಿತದ ಪಾಠ ನಡೆಯುತ್ತಿದ್ದಾಗ. ಆಮೇಲೆ ಯಾವ ಊರಲ್ಲೂ ವರ್ಷ ತುಂಬಿಸಿದವನಲ್ಲ. ಈ ಅರ್ಹತೆಯ ಮೇಲೆಯೇ ಅಂತರರಾಷ್ಟ್ರೀಯ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗದಲ್ಲಿ ನನಗೆ ‘ಸ್ವತಂತ್ರ ಮೂಲ’ ಎಂಬ ಹುದ್ದೆ ಸಿಕ್ಕಿತು.

ಮೂರು ಮೂಲಗಳು ಖಚಿತಪಡಿಸದ ಯಾವುದೂ ನಿಜವಲ್ಲ ಎಂಬುದು ವಿಭಾಗದ ನಿಯಮ. ಮುಖ್ಯಸ್ಥರು ಒಂದನೇ ಮೂಲ, ಅವರ ಟೈಪಿಸ್ಟ್ ಎರಡನೇ ಮೂಲ. ಯಾರಿಗೂ ಏನೂ ಆಗಬೇಕಿಲ್ಲದ ಮೂರನೆಯವನು ನಾನು.

"ಅಣ್ಣ, ನಾನು ಕ್ಲಾಸಿಗೆ ಬಂದಿದ್ದೀನಲ್ವಾ?"

"ಬಂದಿದ್ದೀಯಮ್ಮ."

ಎಂದು ಕೇಳಿದ ವಿದ್ಯಾರ್ಥಿನಿಯ ಹಾಜರಿಗೆ ಸಹಿ ಹಾಕುತ್ತಿದ್ದೆ. ಮೇಷ್ಟ್ರು ಊಟಕ್ಕೇಳುವ ಮುನ್ನ ತಮಗೆ ಹಸಿವಾಗಿದೆಯೇ ಎಂದು ನನ್ನಿಂದಲೇ ಬರೆಸಿಕೊಳ್ಳುತ್ತಿದ್ದರು.

ನನ್ನ ವಾಸ ಎರಡನೇ ಮಹಡಿಯ ಉಗ್ರಾಣದಲ್ಲಿ. ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಲು ಅನುದಾನ ಇಲ್ಲದ್ದರಿಂದ ವಿದೇಶ ವರದಿಗಾರಿಕೆಯ ಪ್ರಯೋಗಗಳೂ ಅಲ್ಲೇ ನಡೆಯುತ್ತಿದ್ದವು. ಒಬ್ಬರು ಫ್ಯಾನು ಹಿಡಿದು ಚಂಡಮಾರುತ ಬೀಸುವುದು, ಇನ್ನೊಬ್ಬರು ಮುರಿದ ಕುರ್ಚಿಗಳ ನಡುವೆ ಬಗ್ಗಿ "ಗಡಿಯಲ್ಲಿ ಉದ್ವಿಗ್ನ ಸ್ಥಿತಿ" ಎನ್ನುವುದು. ಎಲ್ಲರಿಗೂ ಪ್ರಥಮ ದರ್ಜೆ.

ತಕರಾರು ತೆಗೆದವರು ಚಿಕ್ಕಮ್ಮ. ಹೊಲಿಗೆ ಅಂಗಡಿ ಮುಚ್ಚಿ ನಲವತ್ತೆರಡನೇ ವಯಸ್ಸಿಗೆ ಓದಲು ಬಂದವರನ್ನು ವಿಭಾಗವೆಲ್ಲ ಹಾಗೇ ಕರೆಯುತ್ತಿತ್ತು. ಪದವಿ ಪತ್ರ ಕೈಗೆ ಬಂದರೆ ಸುದ್ದಿಸಂಸ್ಥೆಯಲ್ಲಿ ಕೆಲಸ, ಬಾರದಿದ್ದರೆ ಮತ್ತೆ ಕಾಜಾ ಗುಂಡಿ. ಅಂಥವರು ಅಂತಿಮ ವರದಿಗೆ ಕೊಟ್ಟ ತಲೆಬರಹ: ‘ಉಗ್ರಾಣದಲ್ಲಿ ವಿದೇಶವಿಲ್ಲ.’

ಅದೇ ವಾರ ಕೌಶಲ ಮತ್ತು ಮೌಲ್ಯಗಳ ಪರಿಶೀಲನಾ ಸಮಿತಿ ಬಂದಿತ್ತು. ಮುಖ್ಯಸ್ಥರು ನಕ್ಕರು. "ಸತ್ಯ ಬರೆದಿದ್ದೀರಿ ಚಿಕ್ಕಮ್ಮ, ಅದು ಮೌಲ್ಯ. ಮೂಲ ತೋರಿಸಿ, ಅದು ಕೌಶಲ."

"ಕುರ್ಚಿ ರಿಪೇರಿಗೆ ಬರೋ ಬಡಗಿ ಹೇಳಿದ್ದಾನೆ, ಕಸ ಗುಡಿಸೋ ಅಕ್ಕ ಹೇಳಿದ್ದಾಳೆ. ಮೂರನೆಯವರು ಈ ಅಣ್ಣ."

ಮುಖ್ಯಸ್ಥರು ನನ್ನನ್ನು ನುಂಗುವ ಹಾಗೆ ನೋಡಿದರು. ಚಿಕ್ಕಮ್ಮ ಸೆರಗಿನ ತುದಿ ತಿರುಚುತ್ತಿದ್ದರು.

"ಅಲ್ಲಿ ಮಲಗೋನೇ ನಾನು ಸಾರ್," ಎಂದೆ. "ಹನ್ನೆರಡು ಕುರ್ಚಿ, ಒಂದು ಫ್ಯಾನು, ಸೀಮೆಸುಣ್ಣದ ಪೆಟ್ಟಿಗೆ ಇದೆ. ವಿದೇಶ ಎಲ್ಲೂ ಕಾಣಲಿಲ್ಲ."

ಸಮಿತಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. "ವರದಿ ನಿಜ. ಆದ್ದರಿಂದ ಈಕೆ ಪಾಸು. ವಿದೇಶ ಇಲ್ಲ, ಆದ್ದರಿಂದ ಕೋರ್ಸು ರದ್ದು. ಕೋರ್ಸು ರದ್ದಾದ್ದರಿಂದ ಈಕೆಯ ಪದವಿಯೂ ಇಲ್ಲ."

"ಅಯ್ಯೋ!" ಎಂದರು ಚಿಕ್ಕಮ್ಮ.

"ತಪ್ಪು ಇರೋದು ಕೋಣೆಯಲ್ಲಿ ಸಾರ್," ಎಂದರು ಮುಖ್ಯಸ್ಥರು. "ಸರಿಪಡಿಸ್ತೀವಿ."

ಮಧ್ಯಾಹ್ನವೇ ಆದೇಶ ಹೊರಬಿತ್ತು: "ಎರಡನೇ ಮಹಡಿಯ ಉಗ್ರಾಣವನ್ನು ಇಂದಿನಿಂದ ಜಾರಿಗೆ ಬರುವಂತೆ ವಿದೇಶವೆಂದು ಘೋಷಿಸಲಾಗಿದೆ. ವರದಿಯು ನಿನ್ನೆಯವರೆಗೆ ಸತ್ಯ. ಪದವಿಯು ಇಂದಿನಿಂದ ಸಿಂಧು." ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಬೀಗದ ಕೈ ಗುಡಿಸುವ ಅಕ್ಕನ ಸೊಂಟದಲ್ಲಿದ್ದುದರಿಂದ ಆಕೆಯೇ ವೀಸಾ ಅಧಿಕಾರಿಯಾದಳು. ಮೇಷ್ಟ್ರು ಸರದಿಯಲ್ಲಿ ನಿಂತರು.

"ಪ್ರಯಾಣದ ಉದ್ದೇಶ?"

"ಸೀಮೆಸುಣ್ಣ ತರೋದು ಕಣಕ್ಕ."

"ಎಷ್ಟು ದಿನ?"

"ಎರಡು ನಿಮಿಷ."

"ಅಲ್ಲೇ ನೆಲೆಸಿಬಿಟ್ರೆ?"

"ಹೆಂಡ್ತಿ ಮಕ್ಕಳು ಈ ಕಡೆ ಇದ್ದಾರಲ್ಲಮ್ಮ!"

ಅರ್ಜಿ ತಿರಸ್ಕೃತವಾಯಿತು. ಮೇಷ್ಟ್ರು ಮರುದಿನ ಬ್ಯಾಂಕಿನ ಪಾಸ್‌ಬುಕ್ಕು ಹಿಡಿದು ಬಂದರು.

ನಾನು ವಿದೇಶದಲ್ಲಿ ಎಂಟು ತಿಂಗಳಿಂದ ಕಾಗದಪತ್ರವಿಲ್ಲದೆ ಮಲಗಿದ್ದವನೆಂದು ಆಮೇಲೆ ಗೊತ್ತಾಯಿತು. ಇಪ್ಪತ್ತನಾಲ್ಕು ಗಂಟೆಯಲ್ಲಿ ದೇಶ ಬಿಡಬೇಕೆಂಬ ನೋಟಿಸನ್ನು ಅಕ್ಕ ನನ್ನ ದಿಂಬಿಗೇ ಅಂಟಿಸಿದಳು. ನಿಯಮ ಅಂದ್ರೆ ನಿಯಮ ಎಂದಳು, ನಾನೂ ಒಪ್ಪಿದೆ.

ಚೀಲ ತುಂಬುತ್ತಿದ್ದಾಗ ಚಿಕ್ಕಮ್ಮ ವೀಸಾ, ಕ್ಯಾಮೆರಾ ಹಿಡಿದು ಒಳಗೆ ಬಂದರು. ಕೆಲಸ ಸಿಕ್ಕಿ ಮೊದಲ ದಿನ, ಮೊದಲ ವಿದೇಶ ಪ್ರವಾಸ.

"ಬೇಜಾರು ಮಾಡ್ಕೋಬೇಡಿ ಅಣ್ಣ, ಕೆಲಸ," ಎಂದು ಮೈಕು ಚಾಚಿದರು. "ಗಡಿಪಾರಾಗ್ತಿದ್ದೀರಿ. ಏನನ್ನಿಸ್ತಿದೆ?"

"ಎಷ್ಟೋ ಊರು ಬಿಟ್ಟಿದ್ದೀನಮ್ಮ. ಕಳಿಸಿಕೊಡೋಕೆ ಒಬ್ಬರೂ ಬಂದಿರಲಿಲ್ಲ."

ಚಿಕ್ಕಮ್ಮನ ಕಣ್ಣು ತುಂಬಿತು. ಮೂಗೊರೆಸಿಕೊಂಡು, ಕುರ್ಚಿಯ ಮೇಲಿಟ್ಟಿದ್ದ ಕ್ಯಾಮೆರಾ ಕಡೆ ತಿರುಗಿ ನೋಡಿ, "ಅಂಗಿ ಮಡಚಿದ್ದು ಸರಿಯಾಗಿ ಬಂದಿಲ್ಲ ಅಣ್ಣ, ಇನ್ನೊಂದು ಸಲ," ಎಂದರು.

ಅಂಗಿ ಬಿಚ್ಚಿ ಕೊಡವಿ, ಮತ್ತೆ ಮಡಚತೊಡಗಿದೆ.