ಮೇಷ್ಟ್ರು ಟೈರು ಆರಿಸಿದ ದಿನ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಭಾನುವಾರ ಬೆಳಗ್ಗೆ ಏಳು ಗಂಟೆಗೆ ತಮ್ಮ ಕಾರಿನ ಮುಂದಿನ ಚಕ್ರದೆದುರು ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಸದ್ದಿಲ್ಲದೆ ಎತ್ತಿಕೊಂಡು ಬಂದ ಸಣ್ಣ ಸ್ಕೇಲು. ಅದನ್ನು ಟೈರಿನ ಗೆರೆಯೊಳಗೆ ಇಳಿಸಿ, ಕನ್ನಡಕ ಹಣೆಗೇರಿಸಿ ನೋಡಿದರು. ಎರಡು ಮಿಲಿಮೀಟರ್. ಕನ್ನಡಕ ಇಳಿಸಿ ನೋಡಿದರು. ಆಗಲೂ ಎರಡೇ.

ಹತ್ತು ನಿಮಿಷದ ಹಿಂದಷ್ಟೇ ಫೋನಿಗೆ ಸಂದೇಶ ಬಂದಿತ್ತು. ‘ಇಂದು ಮಧ್ಯಾಹ್ನದ ತಂಡದವರು ಒಂದು ಗಂಟೆಗೆ ಮುಂಚೆ ಟ್ರ್ಯಾಕಿನಲ್ಲಿ ಹಾಜರಾಗಬೇಕು. ಟೈರಿನ ಗೆರೆ ಕನಿಷ್ಠ ಮೂರು ಮಿಲಿಮೀಟರ್ ಆಳ ಇರದ ಕಾರುಗಳನ್ನು ಟ್ರ್ಯಾಕಿಗೆ ಬಿಡುವುದಿಲ್ಲ.’

ಊರಾಚೆ, ವಿಮಾನಗಳು ಇಳಿಯುವುದು ನಿಂತುಹೋದ ಹಳೆಯ ಮೈದಾನವೊಂದನ್ನು ಯಾರೋ ಕಾರು ಓಡಿಸುವ ಟ್ರ್ಯಾಕ್ ಮಾಡಿದ್ದರು. ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ತಮ್ಮ ಮಾಮೂಲಿ ಕಾರನ್ನು ತಂದು, ತಮಗೆ ಬೇಕಾದಷ್ಟು ಜೋರಾಗಿ ಓಡಿಸಬಹುದು. ಪಂದ್ಯವಿಲ್ಲ, ಬಹುಮಾನವಿಲ್ಲ. ಎದುರಿನಿಂದ ಯಾರೂ ಬರುವುದಿಲ್ಲ. ಜಾಹೀರಾತಿನಲ್ಲಿ ಈ ಕೊನೆಯ ಮಾತನ್ನು ಓದಿದಾಗಲೇ ಮೇಷ್ಟ್ರಿಗೆ ಮೈ ಜುಮ್ಮೆಂದಿತ್ತು.

ಕಾರಣವಿತ್ತು. ಇಪ್ಪತ್ತೆರಡು ವರ್ಷದಿಂದ ಅವರು ಪಕ್ಕದ ಸೀಟಿನಲ್ಲಿ ಕೂತು ಬದುಕಿದವರು. ಸ್ಕೂಲಿನ ಕಾರಿನಲ್ಲಿ ಅವರ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ. ಆಕ್ಸಿಲರೇಟರ್ ಇಲ್ಲ. ಸಾವಿರಾರು ಜನ ಅವರ ಪಕ್ಕದಲ್ಲಿ ಕೂತು ಮುಂದಕ್ಕೆ ಹೋಗುವುದನ್ನು ಕಲಿತರು. ಅವರ ಪಾಲಿಗೆ ಬಂದದ್ದು ತಡೆಯುವ ಕೆಲಸ ಮಾತ್ರ. ‘ನಿಧಾನ, ನಿಧಾನ’ ಎಂದು ದಿನವಿಡೀ ಹೇಳಿ ಹೇಳಿ, ಮನೆಯಲ್ಲಿ ಹೆಂಡತಿ ಮೆಟ್ಟಿಲಿಳಿದರೂ ಮೇಷ್ಟ್ರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಒಂದೇ ಒಂದು ದಿನ, ತಮ್ಮದೇ ಕಾಲಿನಿಂದ, ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಬೇಕು ಎಂಬುದು ಅವರ ಆಸೆ.

ಆಸೆ ದೊಡ್ಡದಲ್ಲ, ಟೈರಿನ ಚಿಂತೆ ದೊಡ್ಡದಾಗಿತ್ತು. ವರ್ಷಕ್ಕೆ ಒಂದೆರಡು ದಿನ ಟ್ರ್ಯಾಕಿಗೆ ಹೋಗುವ, ಉಳಿದ ದಿನ ಹೆಂಡತಿಯ ಬಟ್ಟೆಗಂಟು ಹೊರುವ ಕಾರಿಗೆ ಎಂಥ ಟೈರು ಹಾಕಬೇಕು? ಮೂರು ತಿಂಗಳಿಂದ ಅವರು ಇದನ್ನೇ ಓದಿದ್ದರು. ಗಟ್ಟಿ ಟೈರು ಬಹಳ ದಿನ ಬಾಳುತ್ತದೆ, ಆದರೆ ಟ್ರ್ಯಾಕಿನಲ್ಲಿ ಎರಡೇ ಸುತ್ತಿನಲ್ಲಿ ಕಾದು ಸಾಬೂನಿನಂತೆ ಜಾರುತ್ತದೆ. ಟ್ರ್ಯಾಕಿನ ಮೆತ್ತನೆ ಟೈರು ಬಿಸಿಯಾದಷ್ಟೂ ಅಂಟಿಕೊಳ್ಳುತ್ತದೆ, ಆದರೆ ತಣ್ಣಗಿದ್ದಾಗ, ರಸ್ತೆ ಒದ್ದೆಯಾದಾಗ ಮುನಿಸಿಕೊಳ್ಳುತ್ತದೆ. ಮೇಲಾಗಿ ರಬ್ಬರಿನಂತೆ ಸವೆಯುತ್ತದೆ, ಪೆನ್ಸಿಲ್ ಅಳಿಸುವ ರಬ್ಬರಿನಂತೆ. ಮೂರು ತಿಂಗಳು ಓದಿಯೂ ಆಗದ ತೀರ್ಮಾನ ಈಗ ಆರು ತಾಸಿನೊಳಗೆ ಆಗಬೇಕಿತ್ತು.

ಹೆಂಡತಿಗೆ ಮಾತ್ರ ಅವರು ಹೇಳಿದ್ದು, ‘ಸುರಕ್ಷತಾ ಶಿಬಿರ ಇದೆ’ ಎಂದು.

ಸಹಾಯಕ್ಕೆ ಅವರು ಫೋನು ಮಾಡಿದ್ದು ಭಾವಮೈದನಿಗೆ. ಹಾಗೆ ಮಾಡಬೇಡಿ ಎಂದು ಯಾರಾದರೂ ಅವರನ್ನು ಎಚ್ಚರಿಸಬೇಕಿತ್ತು. ಪ್ರಪಂಚದ ಯಾವ ವಸ್ತು ಕೇಳಿದರೂ ‘ನನ್ನ ಹತ್ರ ಇದೆ’ ಎನ್ನುವ ಜಾತಿ ಅವನದು. ಅರ್ಧ ಗಂಟೆಯಲ್ಲಿ ತನ್ನ ಕಾರಿನ ತಲೆಯ ಮೇಲೆ ನಾಲ್ಕು ಚಕ್ರ ಕಟ್ಟಿಕೊಂಡು ಪ್ರತ್ಯಕ್ಷನಾದ.

“ಭಾವ, ಟ್ರ್ಯಾಕ್ ಟೈರು! ಸ್ನೇಹಿತನದು. ಹಾಕ್ಕೊಂಡು ಹೋಗಿ, ಬಂದ್ಮೇಲೆ ಬಿಚ್ಚಿಡಿ. ಚಕ್ರದ ಸಮೇತ ತಂದಿದ್ದೀನಿ!”

“ಮೆತ್ತಗೆ ಮಾತಾಡೋ,” ಎಂದರು ಮೇಷ್ಟ್ರು, ಮನೆಯ ಕಿಟಕಿಯತ್ತ ನೋಡುತ್ತ.

ಮೆತ್ತಗೆ ಮಾತಾಡಿದ್ದರಿಂದಲೇ ಅನುಮಾನ ಬಂದು ಮೇಲಿನ ಮನೆಯ ನಿವೃತ್ತ ಫಿಸಿಕ್ಸ್ ಪ್ರೊಫೆಸರ್ ಇಳಿದು ಬಂದರು. ವಿಷಯ ತಿಳಿದದ್ದೇ ಕೈ ಹಿಂದೆ ಕಟ್ಟಿ ಕಾರಿಗೊಂದು ಸುತ್ತು ಹಾಕಿದರು.

“ಇದೆಲ್ಲ ಯಾಕ್ರೀ? ಘರ್ಷಣೆಗೂ ಮುಟ್ಟೋ ಜಾಗಕ್ಕೂ ಸಂಬಂಧ ಇಲ್ಲ. ಸೈಕಲ್ ಟೈರ್ ಹಾಕಿ, ರೋಡ್ ರೋಲರ್ ಚಕ್ರ ಹಾಕಿ, ಎರಡೂ ಒಂದೇ. ನಲವತ್ತು ವರ್ಷ ಪಾಠ ಮಾಡಿದ್ದೀನಿ.”

“ಹಾಗಾದ್ರೆ ರೇಸಿನೋರು ಯಾಕೆ ಸಾರ್ ಅಷ್ಟಗಲ ಹಾಕ್ತಾರೆ?” ಎಂದ ಭಾವಮೈದ.

“ಅವರು ನನ್ನ ಕ್ಲಾಸಿಗೆ ಬಂದಿರಲಿಲ್ಲ.”

ಜಾಕ್ ಕೊಟ್ಟು ಕಾರೆತ್ತಿದರು. ಚಕ್ರ ಬಿಚ್ಚಿದರು. ಹೊಸದನ್ನು ಎತ್ತಿ ಹಿಡಿದರು. ಕಾರಿನಲ್ಲಿ ನಾಲ್ಕು ಬೋಲ್ಟು. ಚಕ್ರದಲ್ಲಿ ಐದು ತೂತು.

ಮೂವರೂ ಬಗ್ಗಿ ಮತ್ತೊಮ್ಮೆ ಎಣಿಸಿದರು. “ಒಂದು ತೂತು ಹೆಚ್ಚಿಗೆ ಇದ್ರೆ ಒಳ್ಳೇದೇ ಅಲ್ವಾ?” ಎಂದ ಭಾವಮೈದ. ಅವನಿಗೆ ಉತ್ತರ ಕೊಡುವ ಭರದಲ್ಲಿ ಮೇಷ್ಟ್ರು ಕೈ ಬಿಟ್ಟರು. ಚಕ್ರ ಒಂದು ಕ್ಷಣ ನಿಂತು, ಯೋಚಿಸಿ, ಇಳಿಜಾರಿನ ರಸ್ತೆ ಕಂಡು ಹೊರಟೇಬಿಟ್ಟಿತು. “ನಿಧಾನ! ನಿಧಾನ!” ಎಂದು ಕೂಗುತ್ತ ಮೇಷ್ಟ್ರು ಹಿಂದೆ ಓಡಿದರು. ಚಕ್ರ ಅವರ ವಿದ್ಯಾರ್ಥಿಯಲ್ಲವಾದ್ದರಿಂದ ಕೇಳಲಿಲ್ಲ. ಎದುರು ಸಾಲಿನ ಮನೆಗಳಲ್ಲಿದ್ದ ಹಲ್ಲಿನ ಡಾಕ್ಟರ ಗೇಟಿಗೆ ಗುದ್ದಿ, ಮೂರು ಹೂಕುಂಡ ಉರುಳಿಸಿ ಮಲಗಿತು.

ಆ ಸದ್ದಿಗೆ ಹೆಂಡತಿ ಹೊರಗೆ ಬಂದರು. ಮನೆಯಲ್ಲೇ ಬಟ್ಟೆ ಹೊಲಿದು, ಇದೇ ಕಾರಿನಲ್ಲಿ ಊರಿಗೆಲ್ಲ ಕೊಟ್ಟು ಬರುವವರು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಜಾಕಿನ ಮೇಲೆ ನಿಂತ ಕಾರು, ಹಲ್ಲಿನ ಡಾಕ್ಟರಿಗೆ ಕೈಮುಗಿಯುತ್ತಿರುವ ಗಂಡ, ಪ್ರೊಫೆಸರು, ತಮ್ಮ, ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದರು.

“ಸುರಕ್ಷತಾ ಶಿಬಿರಕ್ಕೆ ಟೈರ್ ಯಾಕೆ ಬದಲಾಯಿಸ್ಬೇಕು?”

“ಶಿಬಿರ ಎಂಥದ್ದು ಅಕ್ಕಾ! ಭಾವ ರೇಸಿಗೆ ಹೋಗ್ತಿದ್ದಾರೆ!” ಎಂದ ತಮ್ಮ, ಅಭಿಮಾನದಿಂದ.

“ರೇಸಲ್ಲ!” ಎಂದು ಮೇಷ್ಟ್ರು ರಸ್ತೆಯಾಚೆಯಿಂದ ಕೂಗಿದರು. “ಟ್ರ್ಯಾಕು! ಬೇರೆ ಅದು!”

ಹೆಂಡತಿ ಕೊರಳಿನ ಟೇಪು ತೆಗೆದು ಮಡಿಸಿದರು. ಅವರು ಟೇಪು ಮಡಿಸಿದರೆಂದರೆ ತೀರ್ಮಾನವಾಯಿತೆಂದು ಅರ್ಥ. “ನಾನೂ ಬರ್ತೀನಿ. ಅದೇನು ಅಂತ ನೋಡ್ಬೇಕು.”

ಹಳೆಯ ಚಕ್ರವನ್ನೇ ಮತ್ತೆ ಬಿಗಿದು ಹೊರಟು, ಹತ್ತು ಗಂಟೆಗೆ ನಾಲ್ವರೂ ಟೈರ್ ಅಂಗಡಿಯಲ್ಲಿದ್ದರು. ಅಂಗಡಿ ನಡೆಸುವಾಕೆಯನ್ನು ಊರೆಲ್ಲ ಟೈರಮ್ಮ ಎಂದೇ ಕರೆಯುತ್ತಿತ್ತು. ಗಟ್ಟಿ ತೋಳು, ಕಡಿಮೆ ಮಾತು. ಭಾವಮೈದ ತಂದ ಟೈರಿನ ಪಕ್ಕೆಯಲ್ಲಿ ಅಚ್ಚಾದ, ಅದು ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿ ಓದಿ, ಉಗುರಿನಿಂದ ಒತ್ತಿ ನೋಡಿದರು. ಉಗುರು ಇಳಿಯಲಿಲ್ಲ.

“ಇದು ಹುಟ್ಟಿ ಒಂಬತ್ತು ವರ್ಷ ಆಗಿದೆ. ಇದನ್ನ ಟೈರು ಅನ್ನಲ್ಲ, ಪಳೆಯುಳಿಕೆ ಅಂತಾರೆ.”

ಪ್ರೊಫೆಸರು ಗಂಟಲು ಸರಿಮಾಡಿಕೊಂಡು ಘರ್ಷಣೆಯ ನಿಯಮ ಹೇಳಿದರು. ಟೈರಮ್ಮ ಕೊನೆಯವರೆಗೂ ಕೇಳಿದರು. “ಸರಿ ಸಾರ್. ಆದ್ರೆ ರಬ್ಬರಿಗೆ ಆ ಪಾಠ ಯಾರೂ ಹೇಳ್ಕೊಟ್ಟಿಲ್ಲ. ಅದು ರಸ್ತೆಯ ಸಂದು ಸಂದಿಗೂ ಇಳಿದು ಹಿಡ್ಕೊಳ್ಳತ್ತೆ.” ಆಮೇಲೆ ಮೇಷ್ಟ್ರ ಕಡೆ ತಿರುಗಿದರು. “ಮೇಷ್ಟ್ರೇ, ವರ್ಷಕ್ಕೆ ಎಷ್ಟು ದಿನ ಟ್ರ್ಯಾಕಿಗೆ ಹೋಗ್ತೀರಿ?”

“ಎರಡು ದಿನ.”

“ಉಳಿದ ಮುನ್ನೂರ ಅರವತ್ತಮೂರು ದಿನ?”

“ಇವಳ ಬಟ್ಟೆಗಂಟು… ಮಾರ್ಕೆಟ್ಟು… ಮಳೆ ಬಂದ್ರೆ ಇನ್ನೂ ಜಾಸ್ತಿ ಓಡಾಟ.”

“ಟ್ರ್ಯಾಕಿನ ಟೈರು ಹಾಕಿದ್ರೆ ಎರಡು ದಿನ ನೀವು ರಾಜ. ಮಿಕ್ಕ ದಿನ ಮಳೇಲಿ ನಿಮ್ಮ ಮನೆಯವರು ಜಾರ್ತಾರೆ. ಎರಡು ಜೊತೆ ಇಟ್ಕೋತೀನಿ ಅಂದ್ರೆ ಮನೇಲಿ ಜಾಗ ಬೇಕು.”

“ಮಂಚದ ಕೆಳಗೆ…” ಎಂದು ಮೇಷ್ಟ್ರು ಶುರುಮಾಡಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

ಟೈರಮ್ಮ ತಮ್ಮ ಅಂಗೈ ಚಾಚಿ ತೋರಿಸಿದರು. “ಇಷ್ಟೇ. ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟೈರು ನೆಲ ಮುಟ್ಟೋದು ಇಷ್ಟಗಲ. ನಾಲ್ಕು ಅಂಗೈ ಮೇಲೆ ನಿಮ್ಮ ಸಂಸಾರ ಹೋಗ್ತಿರತ್ತೆ. ಯಾವ ದಿನಕ್ಕೆ ಅಂತ ಟೈರು ತಗೋತೀರಿ, ನೀವೇ ಹೇಳಿ.”

ಮೇಷ್ಟ್ರಿಗೆ ಮೂರು ತಿಂಗಳ ಓದಿನಲ್ಲಿ ಸಿಗದ ಪ್ರಶ್ನೆ ಇದು. ಅವರು ಆ ಎರಡು ದಿನಗಳನ್ನೇ ಕಣ್ತುಂಬ ನೋಡಿಕೊಂಡಿದ್ದರು. ಉಳಿದ ದಿನಗಳ ಮಳೆಯಲ್ಲಿ ಕಾರಿನೊಳಗೆ ಯಾರು ಕೂತಿರುತ್ತಾರೆ ಎಂದು ನೋಡಿರಲಿಲ್ಲ.

“ನಡುವಿನದ್ದು ಯಾವುದಾದ್ರೂ ಕೊಡಿ,” ಎಂದರು ಮೆಲ್ಲಗೆ. “ರಸ್ತೆಗೇ ಆಗಬೇಕು, ಬಿಸಿಯಾದ್ರೂ ತಡ್ಕೋಬೇಕು.”

“ಅದನ್ನೇ ನಾನು ತೆಗೆದಿಟ್ಟಿದ್ದು,” ಎಂದರು ಟೈರಮ್ಮ. ಚಕ್ರಗಳಿಗೆ ಹೊಸ ಟೈರು ಕೂರಿಸಿ, ಗಾಳಿ ತುಂಬಿ, ಕೊನೆಗೊಂದು ಎಚ್ಚರಿಕೆ ಕೊಟ್ಟರು. “ಹೊಸದರ ಮೈ ಜಾರತ್ತೆ. ದಾರಿ ಪೂರ್ತಿ ಮೆಲ್ಲಗೆ ಓಡಿಸಿ, ಟ್ರ್ಯಾಕಿನ ಮೊದಲ ಸುತ್ತುಗಳನ್ನೂ ಮೆಲ್ಲಗೇ ಓಡಿಸಿ. ಟೈರು ಬಿಸಿಯಾದ್ಮೇಲೆ ಗಾಳಿ ಇನ್ನೊಂದ್ಸಲ ನೋಡಿ.”

ಪ್ರೊಫೆಸರನ್ನೂ ಪಳೆಯುಳಿಕೆಗಳನ್ನೂ ಭಾವಮೈದನ ಕಾರಿಗೆ ಹತ್ತಿಸಿ, ಗಂಡಹೆಂಡತಿ ಹೊರಟರು. ಊರು ದಾಟಿದರು. ಹೊಸ ಟೈರು ರಸ್ತೆಯ ಮೇಲೆ ಬೆಕ್ಕಿನ ಹೆಜ್ಜೆಯಂತೆ ಸದ್ದಿಲ್ಲದೆ ಸಾಗುತ್ತಿತ್ತು.

“ನನಗೆ ಯಾಕೆ ಹೇಳಲಿಲ್ಲ?” ಎಂದರು ಹೆಂಡತಿ.

“ನಗ್ತೀಯ ಅಂತ.”

“ನಗ್ತಿದ್ದೆ. ನಕ್ಕು ಕಳಿಸ್ತಿದ್ದೆ.”

ಮೇಷ್ಟ್ರು ತಡೆದು ತಡೆದು ಆಕ್ಸಿಲರೇಟರಿನ ಆಸೆ ಹೇಳಿದರು. ಐವತ್ತು ದಾಟಿತು, ಇನ್ನು ಹತ್ತು ವರ್ಷಕ್ಕೆ ಕಣ್ಣು ಹೇಗಿರುತ್ತದೋ ಎಂದರು. ಹೆಂಡತಿ ನಗಲಿಲ್ಲ. ಕಿಟಕಿಯಾಚೆ ನೋಡುತ್ತ, “ಇವತ್ತು ಒತ್ತಿ, ಮನಸಾರೆ ಒತ್ತಿ,” ಎಂದರು.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಮೈದಾನ ತಲುಪಿದರು. ತಪಾಸಣೆಯವನು ಬಗ್ಗಿ ಟೈರು ನೋಡಿ, “ಒಳ್ಳೇ ಆಯ್ಕೆ ಸಾರ್,” ಎಂದ. ಮೇಷ್ಟ್ರ ಎದೆ ಎರಡಂಗುಲ ಉಬ್ಬಿತು. ಅಲ್ಲಿಯವರೇ ಕೊಟ್ಟ ಹೆಲ್ಮೆಟ್ಟು ಕಂಕುಳಲ್ಲಿ ಇರುಕಿಕೊಂಡು ನೋಂದಣಿ ಮೇಜಿನ ಮುಂದೆ ನಿಂತು, ಜೇಬಿನಿಂದ ಲೈಸೆನ್ಸ್ ತೆಗೆದು ಕೊಟ್ಟರು.

ಮೇಜಿನ ಹುಡುಗಿ ಅದನ್ನು ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಮತ್ತೆ ಅದನ್ನು ನೋಡಿದಳು.

“ಸಾರ್, ಇದರ ಅವಧಿ ಮುಗಿದು ಹನ್ನೊಂದು ದಿನ ಆಯ್ತಲ್ಲ.”

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಲೈಸೆನ್ಸ್ ಇಸಿದುಕೊಂಡು ಓದಿದರು. ಆಮೇಲೆ ನಗಲಿಲ್ಲ. ಈ ವರ್ಷ ಅವರು ಸಾರಿಗೆ ಕಚೇರಿಯ ಕ್ಯೂನಲ್ಲಿ ನಿಂತು ಬೇರೆಯವರಿಗೆ ನವೀಕರಿಸಿಕೊಟ್ಟ ಲೈಸೆನ್ಸುಗಳಿಗೆ ಲೆಕ್ಕವಿರಲಿಲ್ಲ. ತಮ್ಮದು ಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

“ನಾನು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಕಣಮ್ಮ!”

“ಅಯ್ಯೋ, ಹೌದು, ನಮ್ಮ ಮೇಷ್ಟ್ರೇ!” ಎಂದು ಹಿಂದಿನಿಂದ ಒಂದು ದನಿ. ಕ್ಯೂನಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಸಹಾಯಕ್ಕೆ ಧಾವಿಸಿದ. “ಬಹಳ ಶಿಸ್ತು ಇವರದು. ಲೈಸೆನ್ಸ್ ತಾರೀಕು ಮರೆಯೋನು ಸ್ಟೀರಿಂಗ್ ಮುಟ್ಟಬಾರದು ಅಂತ ನನಗೆ ಮೂರು ಸಲ ಬೈದಿದ್ರು.”

ಆ ಸಹಾಯದಿಂದ ಮೇಷ್ಟ್ರು ಇನ್ನೂ ಕುಗ್ಗಿದರು. ಮೇಜಿನ ಹುಡುಗಿಗೆ ಪಾಪ ಎನಿಸಿತು. “ಈ ಕಾರನ್ನ ಲೈಸೆನ್ಸ್ ಇರೋರು ಬೇರೆ ಯಾರಾದ್ರೂ ಓಡಿಸಬಹುದು ಸಾರ್. ನೀವು ಪಕ್ಕದಲ್ಲಿ ಕೂರಬಹುದು.”

ಎಲ್ಲರೂ ಹೆಂಡತಿಯತ್ತ ತಿರುಗಿದರು. ಅವರ ಕೈ ಆಗಲೇ ಚೀಲದೊಳಗಿತ್ತು. ಇನ್ನೂ ನಾಲ್ಕು ವರ್ಷ ಬಾಳುವ ಲೈಸೆನ್ಸ್ ಹೊರಬಂತು.

“ಇಷ್ಟು ದೂರ ಬಂದು, ಟೈರು ಹಾಕಿಸಿ, ಸುಮ್ಮನೆ ವಾಪಸ್ ಹೋಗೋದಾ?” ಎಂದರು. “ನಾಲ್ಕು ಸುತ್ತು ಹಾಕ್ಕೊಂಡು ಬರೋಣ. ನೀವು ಹೇಳಿಕೊಡಿ.”

ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು. ಮೊದಲ ಎರಡು ಸುತ್ತು ಟೈರಮ್ಮ ಹೇಳಿದಂತೆ ಮೆಲ್ಲಗೆ. ಮೂರನೆಯದರಲ್ಲಿ ಹೆಂಡತಿಯ ಕಾಲು ಕೆಳಗಿಳಿಯಿತು. ಕಾರು ಮುಂದಕ್ಕೆ ಜಿಗಿಯಿತು, ಮೇಷ್ಟ್ರ ಬೆನ್ನು ಸೀಟಿಗೆ ಅಂಟಿತು.

“ನಿಧಾ…” ಎನ್ನುವಷ್ಟರಲ್ಲಿ ತಿರುವು ಬಂದು, ಬಳಸಿ, ಹಿಂದೆ ಹೋಯಿತು. ಎಷ್ಟು ನಯವಾಗಿ ಹೋಯಿತೆಂದರೆ ಮಾತಿನ ಉಳಿದರ್ಧ ಅವರ ಬಾಯಲ್ಲೇ ಉಳಿಯಿತು.

“ಎಲ್ಲಿ ಕಲಿತೆ ಇದನ್ನ?”

“ಕಾಲರ್ ಹೊಲಿಯೋದು ಹೀಗೇ ಅಲ್ವಾ? ಸೂಜಿ ನೋಡ್ತಾ ಕೂತ್ರೆ ಹೊಲಿಗೆ ಸೊಟ್ಟ ಹೋಗತ್ತೆ. ಮುಂದಿನ ಅಂಚು ನೋಡ್ತಿರಬೇಕು. ತಿರುವು ಬರೋ ಮುಂಚೆ ಕಾಲು ಸಡಿಲ ಬಿಡಬೇಕು, ತಿರುವು ದಾಟಿದ ಮೇಲೆ ಒತ್ತಬೇಕು.”

ಇಪ್ಪತ್ತೆರಡು ವರ್ಷ ತಾವು ಪಾಠ ಮಾಡಿದ್ದನ್ನು ಇಷ್ಟು ಚಿಕ್ಕದಾಗಿ ಹೇಳಬಹುದಿತ್ತೇ ಎಂದು ಮೇಷ್ಟ್ರು ಬೆರಗಾದರು. ಅವರ ಕಾಲು ಅಭ್ಯಾಸಬಲದಿಂದ ಬರಿಯ ನೆಲವನ್ನು ಒಂದೆರಡು ಸಲ ತುಳಿದು, ಆಮೇಲೆ ಬೇಡವೆಂದು ಸುಮ್ಮನಾಯಿತು. ಹೆಲ್ಮೆಟ್ಟಿನ ಕಿಂಡಿಯಿಂದ ಹೆಂಡತಿಯ ಕಣ್ಣು ಮಾತ್ರ ಕಾಣುತ್ತಿತ್ತು. ಹೊಲಿಗೆ ಮಶೀನಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂತ ಆ ಕಣ್ಣು ಇಷ್ಟು ಹೊಳೆಯುವುದನ್ನು ಅವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ನನ್ನ ಆಸೆಯೊಂದನ್ನೇ ಮೂರು ತಿಂಗಳು ತಿರುವಿ ಹಾಕಿದೆನಲ್ಲ, ಇವಳಿಗೇನಾದರೂ ಆಸೆ ಇದೆಯೇ ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎನಿಸಿ, ಅಷ್ಟು ವೇಗದಲ್ಲೂ ಅವರ ಮನಸ್ಸು ಒಂದು ಗಳಿಗೆ ನಿಂತಿತು. ಹಳೆಯ ವಿದ್ಯಾರ್ಥಿಯ ಕೆಂಪು ಕಾರನ್ನು ದಾಟಿದಾಗ ಮಾತ್ರ ತಡೆಯಲಾರದೆ “ಒತ್ತು! ಒತ್ತು!” ಎಂದು ಕೂಗಿದರು.

ನಾಲ್ಕು ಸುತ್ತು ಹದಿನಾಲ್ಕಾಯಿತು.

ಕಾರು ನಿಲ್ಲಿಸಿದ ಮೇಲೆ ಮೇಷ್ಟ್ರು ಟೈರಿನ ಗಾಳಿ ನೋಡಿ ಏಳುವಷ್ಟರಲ್ಲಿ ಹೆಂಡತಿ ನೋಂದಣಿ ಮೇಜಿನಿಂದ ಚೀಟಿಯೊಂದನ್ನು ಹಿಡಿದು ಬಂದರು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು.

“ಮುಂದಿನ ತಿಂಗಳಿಗೂ ಹೆಸರು ಬರೆಸಿದೆ ಕಣ್ರೀ.”

ಮೇಷ್ಟ್ರ ಮುಖ ಅರಳಿತು. “ನಾಳೆ ಬೆಳಗ್ಗೇನೇ ಹೋಗಿ ಲೈಸೆನ್ಸಿಗೆ ಅರ್ಜಿ ಹಾಕ್ತೀನಿ. ಅಷ್ಟರಲ್ಲಿ ಬಂದಿರತ್ತೆ.”

“ಬೇಗ ಮಾಡಿಸಿ, ನಿಮ್ಮ ಲೈಸೆನ್ಸ್ ಬೇಕೇ ಬೇಕು,” ಎಂದು ಹೆಂಡತಿ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿದರು. ಅದರ ಮೇಲಿದ್ದದ್ದು ಹೆಂಡತಿಯದೇ ಹೆಸರು. “ಇಲ್ಲಿಯವರೆಗೆ ನಾನೇ ಓಡಿಸ್ಕೊಂಡು ಬಂದ್ರೆ ಕೈ ಸೋತಿರತ್ತೆ. ಬರೋವಾಗ, ಹೋಗೋವಾಗ ನೀವೇ ಓಡಿಸಿ. ಆದ್ರೆ ಸ್ವಲ್ಪ ನಿಧಾನವಾಗಿ ಓಡಿಸ್ಬೇಕು ನೋಡಿ, ಟೈರು ಸವೆಯತ್ತೆ.”