ಎಡಕ್ಕೇ ಬೀಳುವ ಹೂವು

ನನಗೆ ಹೆದರಿಕೆ ಎಂಬುದೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ಕೇಳಿದವರಿಗೆ, ಕೇಳದವರಿಗೆ ಹೇಳಿಕೊಂಡೂ ತಿರುಗಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹದಿನಾಲ್ಕನೇ ವಯಸ್ಸಿಗೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವನು, ತಮಿಳಿನ ಒಂದಕ್ಷರ ಬಾರದೆ ತಮಿಳರಿಗೇ ಚಟ್ನಿ ಬಡಿಸಿದವನು, ಕೊನೆಗೆ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತು ಜನ ಕೂರುವಂಥ ಸ್ವಂತ ಹೋಟೆಲು ಮಾಡಿದವನು. ಇಂಥವನಿಗೆ ಹೆದರಿಕೆ ಎಲ್ಲಿಂದ ಬರಬೇಕು? ನನಗಿರುವುದು ಹೆದರಿಕೆಯಲ್ಲ, ದೇವರ ಮೇಲಿನ ಭಕ್ತಿ ಎಂದುಕೊಂಡಿದ್ದೆ. ಎರಡನ್ನೂ ಒಂದೇ ಡಬ್ಬದಲ್ಲಿ ತುಂಬಿಟ್ಟುಕೊಂಡಿದ್ದೇನೆಂದು ಗೊತ್ತಾಗಲು ಐವತ್ತೆಂಟು ವರ್ಷ ಬೇಕಾಯಿತು. ಒಂದು ಕಣ್ಣೂ ಬೇಕಾಯಿತು.

ಭಕ್ತಿಯ ವಿಷಯದಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಸ್ನಾನ, ದೀಪ, ದೇವರ ಪಟದ ಮುಂದೆ ಹತ್ತು ನಿಮಿಷ ಕೂತು ಸ್ತೋತ್ರ. ಆಮೇಲೆಯೇ ಕೆಳಗಿಳಿದು ಹೋಟೆಲಿನ ಒಲೆ ಹಚ್ಚುವುದು. ಹೋಟೆಲಿನ ಮೇಲೆಯೇ ನಮ್ಮ ಎರಡು ಕೋಣೆಯ ಮನೆ. ಆ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ನಿಜ ಹೇಳಬೇಕೆಂದರೆ, ಬಾಯಿ ಸ್ತೋತ್ರ ಓದುತ್ತಿದ್ದಾಗ ತಲೆ ಉದ್ದಿನಬೇಳೆ ನೆನೆಸುತ್ತಿತ್ತು, ತೆಂಗಿನಕಾಯಿ ಒಡೆಯುತ್ತಿತ್ತು. ಕೊನೆಗೆ ಕೈಮುಗಿದು ಬೇಡಿಕೊಳ್ಳುತ್ತಿದ್ದದ್ದೂ ಹೋಟೆಲಿನಲ್ಲಿ ಸಪ್ಲೈಯರಿಗೆ ಹೇಳಿದ ಹಾಗೆಯೇ: ಮಗಳಿಗೆ ಇಂಥದ್ದಾಗಲಿ, ಗ್ಯಾಸು ಹೊತ್ತಿಗೆ ಸರಿಯಾಗಿ ಬರಲಿ, ಪಕ್ಕದ ಅಂಗಡಿಯವನು ಡಬ್ಬಗಳನ್ನು ನಮ್ಮ ಬಾಗಿಲಿಗೆ ಇಡದಿರಲಿ. ದೇವರು ಏನಾದರೂ ತಿರುಗಿ ಹೇಳಿಯಾನು ಎಂದು ನಾನು ಬಾಯಿ ಮುಚ್ಚಿ ಕಾದದ್ದಿಲ್ಲ.

ದೇವರ ಉತ್ತರಕ್ಕೆ ಬೇರೆ ಏರ್ಪಾಡಿತ್ತು. ನಮ್ಮ ಕಡೆ ಹೂ ಪ್ರಸಾದ ಕೇಳುವುದುಂಟು. ಒಂದು ಒದ್ದೆ ಹೂವನ್ನು ದೇವರ ತಲೆಯ ಮೇಲಿಟ್ಟು ಮನಸ್ಸಿನಲ್ಲಿ ಪ್ರಶ್ನೆ ಕೇಳುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ದೇವಸ್ಥಾನದಲ್ಲಾದರೆ ಭಟ್ಟರು ಕೇಳುತ್ತಾರೆ. ನಾನು ಮನೆಯಲ್ಲೇ ಪಟದ ಚೌಕಟ್ಟಿನ ಮೇಲಂಚಿನ ನಡುಮಧ್ಯೆ ಒಂದು ಪುಟ್ಟ ಸೇವಂತಿಗೆ ಇಟ್ಟು ಕೇಳುತ್ತಿದ್ದೆ. ನಾನು ಎದ್ದ ಮೇಲೆ ಹೆಂಡತಿಯೂ ಕೇಳುತ್ತಿದ್ದಳು. ಆ ಪಟವನ್ನು ಊರಿನಿಂದ ತಂದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನೂ ನಾನೇ, ಬೇರೆಯವರ ಕೈ ತಾಗಿಸಿರಲಿಲ್ಲ. ದೊಡ್ಡ ನಿರ್ಧಾರ ಯಾವುದೂ ಹೂವನ್ನು ಕೇಳದೆ ಆದದ್ದಲ್ಲ. ಬೆಸೆಂಟ್ ನಗರದಲ್ಲಿ, ಬೀಚಿನ ಹತ್ತಿರ, ಒಂದು ಅಂಗಡಿ ಖಾಲಿಯಾದಾಗ ಇನ್ನೊಂದು ಹೋಟೆಲು ಮಾಡೋಣವೇ ಎಂದು ಕೇಳಿದೆ. ಎಡಕ್ಕೆ ಬಿತ್ತು. ಮಗಳನ್ನು ಕಾಲೇಜಿನವರ ಜೊತೆ ಟೂರಿಗೆ ಕಳಿಸಲೇ ಎಂದು ಕೇಳಿದೆ. ಎಡಕ್ಕೆ. ರುಬ್ಬುವ ಯಂತ್ರ ಹೊಸದು ತರಲೇ? ಎಡಕ್ಕೆ. ನನ್ನ ದೇವರು ಸ್ವಲ್ಪ ಬಿಗಿ ಸ್ವಭಾವದವನು ಎಂದುಕೊಂಡಿದ್ದೆ. ಬೇಡ ಎಂದಾಗಲೆಲ್ಲ ಎದೆಯೊಳಗೆ ಒಂದು ತಣ್ಣನೆಯ ಸಮಾಧಾನ ಆಗುತ್ತಿತ್ತು. ಅದನ್ನೇ ದೇವರ ಕೃಪೆ ಎಂದು ಕರೆಯುತ್ತಿದ್ದೆ.

ಹೀಗಿರುವಾಗ ಬಲಗಣ್ಣು ಮಂಜಾಯಿತು. ಮೊದಮೊದಲು ಕಾವಲಿಯ ಹೊಗೆ ಎಂದುಕೊಂಡೆ, ಆಮೇಲೆ ಕನ್ನಡಕದ ಕೊಳೆ ಎಂದುಕೊಂಡೆ. ದೋಸೆ ಹುಯ್ಯಲು ಕಣ್ಣು ಯಾಕೆ ಬೇಕು? ಬಿಸಿ ಕಾವಲಿಗೆ ನೀರು ಚಿಮುಕಿಸಿದಾಗ ಏಳುವ ಸದ್ದೇ ನನಗೆ ಸಾಕು ಎಂದು ಜಂಬ ಮಾಡಿದೆ. ನಮ್ಮ ಕಾಯಂ ಗಿರಾಕಿ ರಾಯರು, ನಾಲ್ಕು ತಲೆಮಾರಿನಿಂದ ಇದೇ ಊರಿನಲ್ಲಿರುವ, ಕಚೇರಿ ಕೆಲಸದಿಂದ ನಿವೃತ್ತರಾದವರು, ಒಂದು ದಿನ ತಟ್ಟೆಯನ್ನು ಹಾಗೇ ಎತ್ತಿಕೊಂಡು ಕಾವಲಿಯ ಹತ್ತಿರ ಬಂದರು.

"ಏನ್ ಮಾಸ್ಟರ್, ಇವತ್ತು ದೋಸೆಗೆ ಗ್ರಹಣವಾ? ಒಂದು ಪಕ್ಕ ಪೌರ್ಣಮಿ, ಒಂದು ಪಕ್ಕ ಅಮಾವಾಸೆ!"

ನೋಡಿದೆ. ನನಗೆ ಎರಡೂ ಪಕ್ಕ ಒಂದೇ ಥರ ಕಂಡಿತು. ಅದೇ ವಾರ ಸೌಟು ಎಂದು ಹಿಡಿಯಲು ಹೋಗಿ ಕಾವಲಿಯ ಅಂಚಿಗೆ ಅಂಗೈ ಇಟ್ಟೆ. ಬೊಬ್ಬೆ ಎದ್ದ ಕೈ ನೋಡಿ ಹೆಂಡತಿ ಸುಮತಿ ಏನಾಯಿತೆಂದು ಕೇಳಿದಾಗ, "ಕಾವು ಎಷ್ಟುಂಟು ಅಂತ ನೋಡಿದೆ" ಎಂದೆ.

"ಅಂಗೈ ಇಟ್ಟು ನೋಡಿದ್ದಾ? ನಾಳೆ ಎಣ್ಣೆ ಕಾದಿದೆಯಾ ಅಂತ ಮುಖ ಇಟ್ಟು ನೋಡ್ತೀರಾ ಎಂತ ಮಾರಾಯ್ರೆ?" ಎಂದವಳು ಮರುದಿನವೇ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ದೀಪ ಹಿಡಿದು ನೋಡಿ, "ಕಣ್ಪುರೈ ನಲ್ಲಾ ಮುತ್ತಿಡುಚ್ಚು" ಎಂದರು. ಬದನೆಕಾಯಿ ಬಲಿತಿದೆ ಎನ್ನುವ ಹಾಗೆಯೇ ಪೊರೆ ಬಲಿತಿದೆ ಎಂದು ಹೇಳಿದ್ದು. ಇನ್ನೂ ಬಲಿತರೆ ತೆಗೆಯುವುದು ಕಷ್ಟವಾಗುತ್ತದೆ, ತಡ ಮಾಡಬೇಡಿ, ಆಪರೇಷನ್ ಆದ ಮೇಲೆ ಒಂದು ತಿಂಗಳು ಒಲೆಯ ಮುಂದೆ ನಿಲ್ಲಬೇಡಿ ಎಂದರು. ನಾನು ಗಂಭೀರವಾಗಿ ತಲೆಯಾಡಿಸಿ, "ದೇವರನ್ನು ಕೇಳಿ ಹೇಳ್ತೇನೆ" ಎಂದೆ. ಅವರು ಸುಮತಿಯ ಮುಖ ನೋಡಿದರು. ಸುಮತಿ ಗೋಡೆ ನೋಡಿದಳು.

ದೇವರನ್ನು ಕೇಳಿದೆ. ಹೂವು ಎಡಕ್ಕೆ ಬಿತ್ತು. ಮರುದಿನ ಕೇಳಿದೆ, ಎಡಕ್ಕೆ. ಹೀಗೆ ಹನ್ನೊಂದು ದಿನ. ಮಗಳು ರಂಜಿನಿ ಮಣಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಎಣ್ಣೆ ಪರೀಕ್ಷೆ ಮಾಡುವವಳು. ಹನ್ನೊಂದನೇ ದಿನ ಕಂಪೆನಿ ಬಸ್ಸಿಗೆ ಓಡುವ ಮುಂಚೆ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ತಮಿಳಿನಲ್ಲೇ.

"ಇವತ್ತು ಎಂತ ಹೇಳಿದ ನಿಮ್ಮ ದೇವರು ಅಂತ ಕೇಳು ಮಗಾ" ಎಂದಳು ಸುಮತಿ ಒಳಗಿನಿಂದ.

"ಕೇಟ್ಕವೇ ವೇಂಡಾಂ. ಅಪ್ಪಾವುಕ್ಕು ಬಯಂ. ಅವ್ವಳವುದಾನ್."

ಕೇಳುವುದೇ ಬೇಡ, ಅಪ್ಪನಿಗೆ ಹೆದರಿಕೆ, ಅಷ್ಟೇ. ಇಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಅವಳಿಗೆ ಕನ್ನಡದಲ್ಲಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಗಲ್ಲಿ ದಾಟಿದ್ದಳು. ಹಗಲಿಡೀ ಅದೇ ಮಾತು ಕಿವಿಯಲ್ಲಿ ಕುಟ್ಟುತ್ತಿತ್ತು. ಹೆದರಿಕೆಯಂತೆ! ನನ್ನ ತಂದೆಯ ಕಥೆ ಇವಳಿಗೇನು ಗೊತ್ತು? ಊರಿನಲ್ಲಿ ಮದುವೆ ಮುಂಜಿಗೆ ಅಡುಗೆ ಮಾಡುತ್ತಿದ್ದವರು ನಮ್ಮ ಅಪ್ಪ. ಕಣ್ಣಿನ ಆಪರೇಷನ್ ಆಯಿತು, ಕಣ್ಣು ಹೋಯಿತು. ಡಾಕ್ಟರು ಕೆಡಿಸಿದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕಣ್ಣು ಹೋದ ಅಪ್ಪನನ್ನು ಅಡುಗೆಗೆ ಯಾರೂ ಕರೆಯಲಿಲ್ಲ, ನಾನು ಶಾಲೆ ಬಿಟ್ಟೆ. ಇದು ಹೆದರಿಕೆಯಲ್ಲ, ಅನುಭವ. ಹೀಗೆ ನನ್ನೊಳಗೆ ಒಬ್ಬ ವಕೀಲ ಬಿಡದೆ ವಾದ ಮಾಡುತ್ತಿದ್ದ. ಅವನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಸ್ತೋತ್ರದ ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಸಕ್ಕರೆಗೆ ಮುತ್ತಿದ ಇರುವೆಯ ಹಾಗೆ ಕಂಡವು. ಬಾಯಿಪಾಠ ಬರುತ್ತದೆ ಎಂದುಕೊಂಡಿದ್ದೆ. ಎರಡು ಸಾಲಿನ ಮೇಲೆ ಬರಲಿಲ್ಲ. ಇಷ್ಟು ವರ್ಷ ಓದಿದವನಿಗೆ ಎರಡೇ ಸಾಲು! ಮಂಗಳಾರತಿಗೆ ಇನ್ನೂ ಹೊತ್ತಿತ್ತು, ಮಾಡಲು ಬೇರೆ ಏನೂ ಇರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕೂತೆ. ದೇವರ ಮುಂದೆ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ವಕೀಲ ಶುರು ಮಾಡಿದ: ಆಪರೇಷನ್ನಿನಿಂದ ಅಪ್ಪನ ಕಣ್ಣು ಹೋಯಿತು, ನಿನ್ನದೂ ಹೋಗುತ್ತದೆ, ಹೋಟೆಲು ಮುಚ್ಚುತ್ತದೆ, ಮಗಳ ಮದುವೆ ನಿಲ್ಲುತ್ತದೆ. ಹೇಳಿದ್ದನ್ನೇ ಮೂರು ಸಲ ಹೇಳಿದ. ನಾನು ಉತ್ತರ ಕೊಡಲಿಲ್ಲ. ಉತ್ತರ ಸಿಗದೆ ಅವನು ಒಂದು ಗಳಿಗೆ ನಿಂತ. ಆ ಸಂದಿನಲ್ಲಿ, ಅದರ ಅಡಿಯಿಂದ ಎಂಬ ಹಾಗೆ, ಒಂದೇ ಒಂದು ಮಾತು ಬಂತು.

ಹೊಗೆ.

ಹೊಗೆ ಎಂದರೆ ಎಂತದು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಆಪರೇಷನ್ ಆಗಿ ನಾಲ್ಕನೇ ದಿನ ಊರಿನಲ್ಲಿ ಒಂದು ಮದುವೆ. ತಾನಿಲ್ಲದೆ ಅಡುಗೆ ಕೆಟ್ಟೀತು ಎಂದು ಅಪ್ಪ ಕಣ್ಣಿನ ಬಟ್ಟೆಯನ್ನು ಹಣೆಗೆ ಸರಿಸಿಕೊಂಡು, ಹಸಿ ಸೌದೆಯ ಒಲೆಗೆ ಬಾಯಿ ಕೊಟ್ಟು ಊದುತ್ತಾ ಕೂತಿದ್ದರು. ಕೆಂಪಾದ ಆ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸೌದೆ ತಂದುಕೊಡುತ್ತಿದ್ದವನು ನಾನು. "ಅಮ್ಮನಿಗೆ ಹೇಳ್ಬೇಡ" ಎಂದರು. ನಾನು ಹೇಳಲಿಲ್ಲ. ಅಮ್ಮನಿಗೆ ಮಾತ್ರವಲ್ಲ, ಯಾರಿಗೂ ಹೇಳಲಿಲ್ಲ, ಕೊನೆಕೊನೆಗೆ ನನಗೂ ಹೇಳಿಕೊಳ್ಳಲಿಲ್ಲ. ಡಾಕ್ಟರು ಕೆಡಿಸಿದ ಎಂದು ಎಲ್ಲರ ಜೊತೆ ನಾನೂ ಹೇಳಿದೆ, ಹೇಳಿ ಹೇಳಿ ನಂಬಿದೆ. ನಲವತ್ತಾರು ವರ್ಷ ಅದು ನನ್ನೊಳಗೆ ಕೂತು ಕಾದಿತ್ತು. ನಾನು ಸುಮ್ಮನಾಗುವುದನ್ನೇ ಕಾದಿತ್ತೋ ಏನೋ. ಬೈಯಲಿಲ್ಲ, ಹೆದರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನಾಯಿತು. ಕಣ್ಣು ಬಿಟ್ಟಾಗ ಎರಡು ಕಣ್ಣೂ ಒದ್ದೆಯಾಗಿದ್ದವು. ಪೊರೆ ಬಂದ ಕಣ್ಣಿಗೂ ಅಳಲು ಏನೂ ತೊಂದರೆ ಇರಲಿಲ್ಲ.

ಅಭ್ಯಾಸಬಲ, ಹೂವಿಟ್ಟೆ. ಎಡಕ್ಕೆ ಬಿತ್ತು. ಎದ್ದು ಹೊರಗೆ ಬಂದೆ.

"ಸುಮತೀ, ಹೊರಡು. ಆಸ್ಪತ್ರೆಗೆ."

"ಹೂ ಎಲ್ಲಿ ಬಿತ್ತು?"

"ಎಡಕ್ಕೆ."

"ಮತ್ತೆ?"

"ಮತ್ತೆ ಎಂತದು? ಆಟೋ ಕರಿ, ನನ್ನ ಮನಸ್ಸು ತಿರುಗುವ ಮೊದಲು."

ಧೈರ್ಯ ಬಂದಿತ್ತು ಎಂದು ಯಾರೂ ತಿಳಿಯಬೇಡಿ. ಆಸ್ಪತ್ರೆಯ ಹಸಿರು ಟೊಪ್ಪಿ ಹಾಕಿದ ಮೇಲೂ ವಕೀಲ ಆಪರೇಷನ್ ಮೇಜಿನ ತನಕ ಜೊತೆಗೆ ಬಂದ. ಅವನನ್ನು ಓಡಿಸುವುದು ನನ್ನಿಂದಾಗಲಿಲ್ಲ. ಅವನ ಮಾತು ಕೇಳಿ ಎದ್ದು ಓಡಲಿಲ್ಲ, ಅಷ್ಟೇ. ಆಪರೇಷನ್ ಚೆನ್ನಾಗಿಯೇ ಆಯಿತು. ನಿಜವಾದ ಪರೀಕ್ಷೆ ಬಂದದ್ದು ನಾಲ್ಕನೇ ದಿನ. ಕೆಳಗೆ ಕಾವಲಿಯ ಸದ್ದು, ಮೇಲೆ ನಾನು ಕಪ್ಪು ಕನ್ನಡಕ ಹಾಕಿಕೊಂಡು. ನಾನಿಲ್ಲದೆ ದೋಸೆ ಏನಾಯಿತೋ ಎಂದು ಎರಡು ಸಲ ಮೆಟ್ಟಿಲ ತನಕ ಹೋದೆ. ಎರಡನೇ ಸಲ ಗೋಡೆ ಹಿಡಿದು ನಿಂತಾಗ ಅಪ್ಪನ ನೆನಪಾಯಿತು. ತಿರುಗಿ ಬಂದು ಕೂತೆ. ಕಾವಲಿಯ ಮುಂದೆ ನಿಂತಿದ್ದವಳು ಸುಮತಿ. ಸಂಜೆ ರಾಯರು ನನ್ನನ್ನು ನೋಡಲು ಮೇಲೆ ಬಂದು, "ನೀವು ನಿಧಾನಾ ಸರಿ ಮಾಡ್ಕೊಳ್ಳಿ ಮಾಸ್ಟರ್, ಅವಸರವೇ ಇಲ್ಲ" ಎಂದರು. ಬಾಯಿ ಒರೆಸಿಕೊಂಡು, "ನಿಜಕ್ಕೂ ಅವಸರ ಇಲ್ಲ. ದೋಸೆ ಏನ್ ಗರಿಗರಿ, ಮೊರುಮೊರು ಅಂತ ಬರ್ತಿದೆ!" ಎಂದರು.

ಒಂದು ವಾರ ಕಳೆದ ಮೇಲೆ, ಬೆಳಿಗ್ಗೆ ಪಟದ ಮುಂದೆ ಕೂತೆ. ಹೊಸ ಕಣ್ಣಿಗೆ ಎಲ್ಲವೂ ತೊಳೆದಿಟ್ಟ ಹಾಗಿತ್ತು. ದೇವರ ಕಿರೀಟದ ಮಣಿ ಕಂಡಿತು, ಗೋಡೆಯ ಮೇಲಿನ ಬಿರುಕು ಕಂಡಿತು, ಕಿಟಕಿಯ ನೇರ ಅಂಚು ಕಂಡಿತು. ಆ ನೇರ ಅಂಚಿನ ಪಕ್ಕದಲ್ಲಿ ದೇವರ ಪಟ ಎಡಕ್ಕೆ ವಾಲಿಕೊಂಡಿತ್ತು. ಸ್ವಲ್ಪವಲ್ಲ, ಒಂದು ಬೆರಳಿನಷ್ಟು. ಹದಿನೆಂಟು ವರ್ಷದಲ್ಲಿ ಯಾವ ಹೂವು ಬಲಕ್ಕೆ ಬಿದ್ದೀತು? ಬೆಸೆಂಟ್ ನಗರದ ಅಂಗಡಿ ಕಣ್ಣ ಮುಂದೆ ಬಂತು. ಟೂರಿಗೆ ಹೋಗದೆ ಕಿಟಕಿಯಲ್ಲಿ ಕೂತಿದ್ದ ಮಗಳ ಮುಖ ಬಂತು. ನಾನು ಹೊಡೆದ ಮೊಳೆಯನ್ನು ದೇವರ ಮಾತು ಎಂದು ಅಷ್ಟು ವರ್ಷ ಕೇಳಿದ್ದೆ.

"ಸುಮತೀ, ಇದು ವಾಲಿದೆಯಲ್ಲ!"

"ವಾಲಿದೆ. ಹಾಕಿದ ದಿನದಿಂದಲೂ ವಾಲಿದೆ."

"ಹೇಳಬಾರದಿತ್ತಾ?"

"ಹೇಳಿದ್ದೆ. 'ಅಳತೆಪಟ್ಟಿ ಇಲ್ಲದೆ ದೋಸೆ ದುಂಡಗೆ ಹುಯ್ಯುವವನು ನಾನು, ನನಗೆ ಹೇಳ್ತೀಯಾ' ಅಂದಿರಿ. ಮತ್ತೆ ನಾನು ಮಾತಾಡ್ಲಿಲ್ಲ."

"ಹಾಗಾದರೆ ನೀನು ಹೂ ಕೇಳಿದಾಗಲೂ ಎಡಕ್ಕೇ ಬೀಳ್ತಿತ್ತಲ್ಲ?"

"ನಾನು ಎಡಕ್ಕೆ ಬಿದ್ರೆ ಹೌದು ಅಂತ ಮೊದಲೇ ದೇವರ ಹತ್ರ ಮಾತಾಡಿಕೊಂಡಿದ್ದೆ" ಎಂದು ಅವಳು ಮಜ್ಜಿಗೆ ಕಡೆಯುತ್ತಲೇ ಹೇಳಿದಳು. "ನಿಮ್ಮನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾ ಅಂತ ನಾನೂ ದಿನಾ ಕೇಳ್ತಿದ್ದೆ. ದಿನಾ ಹೌದು ಅಂತಲೇ ಹೇಳ್ತಿದ್ದ, ಪಾಪ."

ಒಂದೇ ದೇವರು, ಒಂದೇ ಹೂವು, ಒಂದೇ ವಾಲಿದ ಪಟ. ಅವಳಿಗೆ ಎಲ್ಲವೂ ಹೌದು, ನನಗೆ ಎಲ್ಲವೂ ಬೇಡ.

ಅವತ್ತೇ ಸುತ್ತಿಗೆ ತಂದು ಮೊಳೆ ಸರಿ ಮಾಡಿದೆ. ಈಗ ಬೆಳಿಗ್ಗೆ ಸ್ತೋತ್ರ ಐದು ನಿಮಿಷ, ಬಾಯಿ ಮುಚ್ಚಿ ಕೂರುವುದು ಐದು ನಿಮಿಷ. ವಕೀಲ ತಪ್ಪದೆ ಬರುತ್ತಾನೆ. ಅವನ ಗುರುತು ಈಗ ಸಿಕ್ಕಿದೆ: ಅವನು ಬಹಳ ಮಾತಾಡುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಇನ್ನೊಂದು ದನಿ ಒಂದೇ ಸಲ ಹೇಳುತ್ತದೆ, ಕೆಲವು ದಿನ ಏನೂ ಹೇಳುವುದಿಲ್ಲ. ಕೇಳಿಸದ ದಿನವೂ ಕೂರುವುದನ್ನು ಬಿಟ್ಟಿಲ್ಲ. ಈ ವಿಷಯದಲ್ಲಿ ನಾನು ಬಹಳ ಮುಂದೆ ಬಂದಿದ್ದೇನೆ ಎಂದು ರಾಯರಿಗೂ ಒಂದೆರಡು ಸಲ ಉಪದೇಶ ಮಾಡಿದ್ದೇನೆ.

ಎಡಗಣ್ಣಿನ ಪೊರೆಯೂ ಬಲಿತಿದೆಯಂತೆ. ಮುಂದಿನ ಗುರುವಾರಕ್ಕೆ ದಿನ ಗೊತ್ತಾಗಿದೆ. ನಿನ್ನೆ ಬೆಳಿಗ್ಗೆ ಪಟದ ಧೂಳು ಒರೆಸುತ್ತಿದ್ದೆ. ಒರೆಸಿ ಮುಗಿದ ಮೇಲೂ ನನ್ನ ಹೆಬ್ಬೆರಳು ಅಲ್ಲೇ ನಿಂತು, ಚೌಕಟ್ಟಿನ ಬಲಮೂಲೆಯನ್ನು ಮೆಲ್ಲಗೆ, ಒಂದು ಎಳ್ಳುಕಾಳಿನಷ್ಟು ಮೇಲಕ್ಕೆ, ಪಟ ಮತ್ತೆ ಎಡಕ್ಕೆ ವಾಲುವ ಹಾಗೆ, ಒತ್ತುತ್ತಿತ್ತು. ಸುಮತಿ ನೋಡಲಿಲ್ಲ. ನಾನು ನೋಡಿದೆ. ಹೊಸ ಕಣ್ಣಲ್ಲವೇ, ಹಾಳಾದ್ದು, ಎಲ್ಲವೂ ಕಾಣುತ್ತದೆ.